ಅಪ್‌ಡೇಟ್: ಪೈನ್ ಎಲೆಯ ಎಣ್ಣೆ ಈಗ ತಿಳಿಯಾಗಿದೆ

ಪೈನ್‌ನ ಸೂಜಿ ಎಲೆ ನೆನೆಹಾಕಿದ ಸೂರ್ಯಕಾಂತಿ ಎಣ್ಣೆ ಬೇಗನೆ ಮಬ್ಬಾಗಿ ಮುಗ್ಗಲು ವಾಸನೆ ಬರುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಸರಿಹೋಯಿತು. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಎಲೆ ಪೂರ್ತಿ ಒಣಗಿಸಿ" ಅಂದವರ ಮಾತು. ತೊಳೆದ ಎಲೆಯನ್ನು ಬಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಲ್ಲಿ ಒಣಗಿಸಬೇಕು. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಳುಕಿದರೆ ಒಳಗಿನ್ನೂ ನೀರಿದೆ. ಆ ನೀರೇ ಎಣ್ಣೆಯ ತಳದಲ್ಲಿ ನಿಂತು ಬೂಷ್ಟು ಹಿಡಿಸುತ್ತದೆ. ಆಮೇಲೆ 50 ಗ್ರಾಂ ಎಲೆ ಕತ್ತರಿಸಿ, 250 ಮಿ.ಲೀ. ಎಣ್ಣೆಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 50 ಡಿಗ್ರಿ ಆಸುಪಾಸಿನಲ್ಲಿ 3 ಗಂಟೆ ಬಿಡಿ. ಮುಚ್ಚಳ ಬೇಡ, ಹಬೆ ಹನಿಯಾಗಿ ಮತ್ತೆ ಎಣ್ಣೆಗೇ ಬೀಳುತ್ತದೆ. ತೆಳು ಬಟ್ಟೆ ಕಟ್ಟಿದರೆ ಸಾಕು.

ವಿಟಮಿನ್ ಇ ಬೆರೆಸುವ ಸಲಹೆಯಿಂದ ಉಪಯೋಗವಾಗಲಿಲ್ಲ. ಅದು ಎಣ್ಣೆ ಕಮಟಾಗುವುದನ್ನು ನಿಧಾನ ಮಾಡುತ್ತದೆ ಅಷ್ಟೇ, ಬೂಷ್ಟನ್ನು ತಡೆಯುವುದಿಲ್ಲ.

ಮುಲಾಮಿಗೆ ತೂಕದಲ್ಲಿ 1 ಭಾಗ ಜೇನುಮೇಣ, 5 ಭಾಗ ಎಣ್ಣೆ ಚೆನ್ನಾಗಿ ಹೊಂದುತ್ತದೆ. ಪೈನ್ ಅಂಟು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ನನಗೆ ಗೊತ್ತೇ ಇರದಿದ್ದ ಸಂಗತಿ ಯೂ ಮರದ್ದು. ಅದೂ ನಿತ್ಯಹಸಿರು, ಸೂಜಿಯಂಥದೇ ಎಲೆ, ಆದರೆ ವಿಷ. ಒಣಗಿಸಿದರೂ ವಿಷ ಹೋಗುವುದಿಲ್ಲ. ಪೈನ್ ಎಲೆಗಳು ಸಾಮಾನ್ಯವಾಗಿ 2, 3 ಅಥವಾ 5 ಒಟ್ಟಾಗಿ ಒಂದೇ ಬುಡದಿಂದ ಹೊರಡುತ್ತವೆ. ಯೂ ಎಲೆ ಚಪ್ಪಟೆ, ಒಂಟೊಂಟಿಯಾಗಿ ಕಡ್ಡಿಗೆ ಅಂಟಿಕೊಂಡಿರುತ್ತದೆ. ಗುರುತು ಖಾತ್ರಿಯಾಗದ ಕೊಂಬೆಯನ್ನು ದಯವಿಟ್ಟು ಕೀಳಬೇಡಿ.