ಆಪರೇಷನ್‌ಗೆ ಮುಂಚೆ ಮತ್ತೊಂದು ಕುತ್ತಿಗೆ ಸ್ಕ್ಯಾನ್ ಯಾಕೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು): ನಮಸ್ತೆ ಮೇಡಂ. ನಮ್ಮ ಅತ್ತಿಗೆಗೆ 41 ವರ್ಷ. ಥೈರಾಯ್ಡ್ ಗಂಟಿಗೆ ಸೂಜಿ ಹಾಕಿ ನೋಡಿದಾಗ ಪ್ಯಾಪಿಲರಿ ಕ್ಯಾನ್ಸರ್ ಅಂತ ಬಂತು. ಊರಲ್ಲೇ ಒಂದು ಸ್ಕ್ಯಾನ್ ಆಗಿದೆ. ಈಗ ಶಿವಮೊಗ್ಗದ ಸರ್ಜನ್ ಕುತ್ತಿಗೆ ಪೂರ್ತಿ ಅಲ್ಟ್ರಾಸೌಂಡ್ ಮತ್ತೆ ಮಾಡಿಸಿ ಅಂದಿದ್ದಾರೆ. ಸುಮ್ನೆ ಖರ್ಚು ಅಲ್ವಾ? ನೇರ ಸಿಟಿ ಸ್ಕ್ಯಾನೇ ಮಾಡಿಸಿದರೆ ಆಗಲ್ವಾ?

ಉತ್ತರ (ರೇಡಿಯಾಲಜಿಸ್ಟ್, ಶಿವಮೊಗ್ಗ): ಹಳೇ ರಿಪೋರ್ಟ್ ತೆಗೆದು ನೋಡಿ. ಗಂಟಿನ ಅಳತೆ ಇದ್ದೇ ಇರುತ್ತದೆ. ಕುತ್ತಿಗೆಯ ಎರಡೂ ಪಕ್ಕದ ಲಿಂಫ್ ಗ್ರಂಥಿಗಳ ಬಗ್ಗೆ ಏನಾದರೂ ಬರೆದಿದ್ದಾರಾ? ಸರ್ಜನ್‌ಗೆ ಬೇಕಾಗಿರುವುದು ಅದು. ಪ್ಯಾಪಿಲರಿ ಸಾಮಾನ್ಯವಾಗಿ ಮೊದಲು ಹರಡುವುದು ಕುತ್ತಿಗೆಯ ಗ್ರಂಥಿಗಳಿಗೇ. ಹರಡಿದೆ ಅಂತ ಮುಂಚೆಯೇ ಗೊತ್ತಾದರೆ ಆ ಪಕ್ಕದ ಗ್ರಂಥಿಗಳನ್ನೂ ಒಂದೇ ಸಲಕ್ಕೆ ತೆಗೆಯುತ್ತಾರೆ. ಇಲ್ಲದಿದ್ದರೆ ಅತ್ತಿಗೆ ಮತ್ತೆ ಟೇಬಲ್ ಹತ್ತಬೇಕಾಗಬಹುದು. ಒಮ್ಮೆ ಕೊಯ್ದು ಕೂಡಿಕೊಂಡ ಜಾಗದಲ್ಲಿ ನರಗಳನ್ನು ಬಿಡಿಸುವುದು ಕಷ್ಟ.

ದವಡೆ ಕೆಳಗಿನಿಂದ ಕಾಲರ್ ಮೂಳೆವರೆಗೆ ಪ್ರೋಬ್ ಜಾರಿಸುತ್ತಾ ಒಂದೊಂದೇ ಗ್ರಂಥಿ ನೋಡುತ್ತೇವೆ. ಒಳ್ಳೆಯದು ಅಲಸಂದೆ ಕಾಳಿನ ಹಾಗೆ ಉದ್ದುದ್ದ, ನಡುವೆ ಬೆಳ್ಳನೆ ಗೆರೆ. ಅನುಮಾನದ್ದು ಗುಂಡಗಿರುತ್ತದೆ, ಗೆರೆ ಮಾಯವಾಗಿರುತ್ತದೆ. ಒಳಗೆ ಸಣ್ಣ ಸುಣ್ಣದ ಚುಕ್ಕಿ ಅಥವಾ ನೀರುಗುಳ್ಳೆ ಕಂಡರಂತೂ ಅನುಮಾನ ಜಾಸ್ತಿ. ಅಂಥದ್ದು 8–10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸೂಜಿ ಹಾಕುತ್ತೇವೆ. ಸೂಜಿ ತೊಳೆದ ನೀರಿನಲ್ಲಿ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಕಣಗಳು ಮಾತ್ರ ತಯಾರಿಸುವ ಪ್ರೋಟೀನ್) ಎಷ್ಟಿದೆ ಅಂತಲೂ ನೋಡಿಸಬಹುದು.

ಅಲ್ಟ್ರಾಸೌಂಡ್‌ಗೆ ಎಲ್ಲವೂ ಕಾಣುವುದಿಲ್ಲ. ಥೈರಾಯ್ಡ್ ಹಿಂದೆ, ಶ್ವಾಸನಾಳದ ಪಕ್ಕ ಅಡಗಿದ ಸಣ್ಣ ಗ್ರಂಥಿಗಳು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಎದೆಮೂಳೆ ಹಿಂದಕ್ಕೆ ನಮ್ಮ ಪ್ರೋಬ್ ಮುಟ್ಟುವುದಿಲ್ಲ. ಅಲ್ಲಿ ಅನುಮಾನವಿದ್ದರೆ ಅಥವಾ ಗಂಟು ಶ್ವಾಸನಾಳಕ್ಕೆ ಅಂಟಿದಂತೆ ಕಂಡರೆ ಆಗ ಸಿಟಿ. ಎಲ್ಲರಿಗೂ ಬೇಡ.

ಮರುಪ್ರಶ್ನೆ: ಸಿಟಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಅಯೋಡಿನ್ ಇರುತ್ತಂತೆ. ಆಪರೇಷನ್ ಆದಮೇಲೆ ಉಳಿದ ಥೈರಾಯ್ಡ್ ಕಣ ಸುಡೋಕೆ ರೇಡಿಯೋ ಅಯೋಡಿನ್ ಕೊಡೋಕೆ ತೊಂದರೆ ಆಗಲ್ವಾ? ಇನ್ನೊಂದು, ಅಡಿಕೆ ಕೊಯ್ಲು ಶುರುವಾಗಿದೆ. ಮುಗಿಯೋವರೆಗೆ ತಡೀಬಹುದಾ?

ಉತ್ತರ: ಆ ಅಯೋಡಿನ್ ಸಾಮಾನ್ಯವಾಗಿ 4–8 ವಾರದಲ್ಲಿ ಮೈಯಿಂದ ಹೋಗುತ್ತದೆ. ಸಿಟಿ ನಿಜವಾಗಿ ಬೇಕಿದ್ದರೆ ಅದಕ್ಕೆ ಹೆದರಿ ಬಿಡಬೇಡಿ. ಕೊಯ್ಲಿನ ವಿಷಯ ಸರ್ಜನ್ ಹತ್ತಿರವೇ ಮಾತಾಡಿ. ಪ್ಯಾಪಿಲರಿ ಹೆಚ್ಚಾಗಿ ನಿಧಾನಕ್ಕೆ ಬೆಳೆಯುತ್ತದೆ, ಸ್ವಲ್ಪ ಹಿಂದೆಮುಂದೆ ಆಗಬಹುದು. ಆದರೆ ಸ್ಕ್ಯಾನ್ ಮುಂದೂಡಬೇಡಿ. ಧ್ವನಿ ಗೊಗ್ಗರಾಗಿದ್ದರೆ, ನುಂಗಲು ಕಷ್ಟವಾಗಿದ್ದರೆ ಕೊಯ್ಲು ನೋಡಬೇಡಿ, ಹೊರಟುಬಿಡಿ. ಅಲ್ಟ್ರಾಸೌಂಡ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಬರಲಿ. ಸರ ಮನೆಯಲ್ಲೇ ಬಿಚ್ಚಿಡಲಿ. ಸೂಜಿ ರಿಪೋರ್ಟ್ ಮರೆಯಬೇಡಿ.