ಜರ್ಮನಿಗೆ ಹೊಂಟ ಮಕ್ಕಳ ರೊಕ್ಕದ ವ್ಯವಹಾರ: ಬ್ಯಾಂಕಿನವರನ್ನ ಕೇಳ್ರಿ

ಪ್ರಶ್ನೆ (ಪಾಲಕರು, ಸಪ್ತಾಪುರ, ಧಾರವಾಡ): ನಮಸ್ಕಾರ್ರಿ ಸರ್. ಮಗಳು ಎಂಎಸ್ ಓದಾಕ ಜರ್ಮನಿಗೆ ಹೊಂಟಾಳ. ವೀಸಾಕ್ಕಂತ ಅಲ್ಲಿಯ ಖರ್ಚಿನ ರೊಕ್ಕ ಮೊದಲ ಕಟ್ಟಿಡೋ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಕಟ್ಟೇವಿ, ವೀಸಾನೂ ಬಂತು. ಅಲ್ಲಿ ಇಳಿದ ಕೂಡ್ಲೇ ಅದರಾಗಿಂದ ಖರ್ಚು ಮಾಡಬಹುದೇನ್ರಿ? ಕೈಯಾಗ ಕ್ಯಾಶ್ ಎಷ್ಟು ಕೊಡೋದು? ಆಕಿ ಫೋನ್‌ಪೇ ಬಿಟ್ರ ಬ್ಯಾರೆ ಏನೂ ಮುಟ್ಟಿಲ್ಲ.

ಉತ್ತರ (ವಿದೇಶಿ ವಿನಿಮಯ ವಿಭಾಗದ ನಿವೃತ್ತ ಅಧಿಕಾರಿ, ಹುಬ್ಬಳ್ಳಿ): ಅಕ್ಕಾರ, ಆ ರೊಕ್ಕ ಆಕಿದ ಇದ್ರೂ ಕೀಲಿ ಆಕಿ ಕೈಯಾಗಿಲ್ಲ. ತಿಂಗಳಿಗೆ 992 ಯೂರೋ ಅಷ್ಟೇ ಹೊರಗ ಬರತೈತಿ, ಅದೂ ಆಕಿ ಹೆಸರಿನ ಇನ್ನೊಂದು ದಿನಬಳಕೆ ಖಾತೆಗೆ. ಆ ಖಾತೆ ತೆಗೆಯಾಕ ಭಾಳ ಬ್ಯಾಂಕಿನವರು ವಿಳಾಸ ನೋಂದಣಿ ಕಾಗದ ಕೇಳ್ತಾರ. ಮನಿ ಹಿಡಿದ ಎರಡು ವಾರದೊಳಗ ಅಲ್ಲಿಯ ನಗರ ಕಚೇರಿಯಾಗ ನೋಂದಣಿ ಮಾಡಿಸಬೇಕು ಅಂತ ಕಾಯ್ದೆ ಐತಿ, ಆದ್ರ ದೊಡ್ಡ ಊರಾಗ ಅದಕ್ಕ ಅಪಾಯಿಂಟ್‌ಮೆಂಟ್ ಸಿಗೋದ ತ್ರಾಸು. ಹಿಂಗಾಗಿ ಮೊದಲ ತಿಂಗಳದ ಖರ್ಚು ಪೂರಾ ಫಾರೆಕ್ಸ್ ಕಾರ್ಡಿನಾಗ (ಇಲ್ಲೇ ಯೂರೋ ತುಂಬಿ ಒಯ್ಯೋ ಕಾರ್ಡು) ಹಾಕಿ ಕಳಸ್ರಿ.

ನೋಟು 3,000 ಡಾಲರ್ ಬೆಲೆಯಷ್ಟು ಒಯ್ಯಬಹುದು, ಅಷ್ಟು ಬ್ಯಾಡ. ನಾಲ್ಕೈದು ನೂರು ಯೂರೋ ಸಾಕು, ಸಣ್ಣ ನೋಟು ಕೇಳಿ ತಗೊಳ್ರಿ. ಅಲ್ಲಿ ಬೇಕರಿ, ಸಣ್ಣ ಹೋಟೆಲ್‌ನಾಗ ಇವತ್ತಿಗೂ ಕ್ಯಾಶ್ ಕೊಡು ಅಂತಾರ. ಹುಬ್ಬಳ್ಳಿ ದುರ್ಗದಬೈಲಿನಾಗ ಗಿರ್ಮಿಟ್ಟಿಗೂ ಸ್ಕ್ಯಾನ್ ಮಾಡಿ ರೂಢಿ ಆದವರಿಗೆ ಇದು ಸೋಜಿಗನ!

ಎಟಿಎಂ ಮಷೀನು ರೂಪಾಯಿದಾಗ ಲೆಕ್ಕ ಹಾಕ್ಲೇನು ಅಂತ ಕೇಳಿದ್ರ ಒಲ್ಲೆ ಅನ್ನಬೇಕು, ಯೂರೋನ ಒತ್ತಬೇಕು. ರೂಪಾಯಿ ಒತ್ತಿದ್ರ ಅವರು ಹಾಕಿದ್ದ ದರ.

ಪ್ರಶ್ನೆ (ಗದಗ): ಸರ್, ಓದಾಕ ಹೊಂಟ ಮಗನ ಇಲ್ಲಿಯ ಎಸ್‌ಬಿ (ಉಳಿತಾಯ) ಅಕೌಂಟ್ ಹಂಗ ಬಿಡಬಹುದೇನ್ರಿ?

ಉತ್ತರ: ಬಿಡಾಕ ಬರಂಗಿಲ್ರಿ. ಓದಾಕ ಹೋದವರೂ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಕಾರ ಅನಿವಾಸಿನ. ಬ್ಯಾಂಕಿಗೆ ತಿಳಿಸಿ ಅದನ್ನ ಎನ್‌ಆರ್‌ಒ, ಅಂದ್ರ ಅನಿವಾಸಿಗಳ ರೂಪಾಯಿ ಖಾತೆ, ಮಾಡಿಸ್ರಿ. ಇಲ್ಲಿಯ ಸಿಮ್ಮಿಗೆ ರಿಚಾರ್ಜ್ ತಪ್ಪಸಬ್ಯಾಡ್ರಿ, ಒಟಿಪಿ ಅದಕ್ಕ ಬರೋದು. ಮಗನ ಪಾಸ್‌ವರ್ಡ್ ಇಸ್ಕೊಂಡು ಅಪ್ಪ ವ್ಯವಹಾರ ಮಾಡೋ ಪದ್ಧತಿ ನನಗ ಒಟ್ಟ ಸೇರಂಗಿಲ್ಲ. ಹೋಗೋಕ್ಕಿಂತ ಮೊದಲ ಮ್ಯಾಂಡೇಟ್ (ಖಾತೆ ನಡೆಸಾಕ ನಿಮಗ ಅಧಿಕಾರ ಕೊಡೋ ಪತ್ರ) ಬರೆಸಿಟ್ರ ನಿಮ್ಮ ಸಹಿಯಿಂದನ ನಡೀತೈತಿ.

ಪ್ರಶ್ನೆ (ಹಾವೇರಿ): ನಮ್ಮ ಹುಡುಗ ಅಲ್ಲೇ ಅದಾನ್ರಿ. ಜಿಮ್ ಸೇರ್ಯಾನ. ಒಟಿಪಿ ಇಲ್ಲ ಏನಿಲ್ಲ, ತಿಂಗಳಾ ರೊಕ್ಕ ತಾನ ಕಟ್ ಆಗಾಕತ್ತೈತಿ. ಮೋಸ ಏನ್ರಿ?

ಉತ್ತರ: ಮೋಸ ಅಲ್ರಿ ಅಣ್ಣಾರ. ಸೇರುವಾಗ ಫಾರ್ಮಿನಾಗ ಐಬಾನ್ ಬರೆದು ಸಹಿ ಮಾಡಿರತಾನ. ಡಿಇ ಅಂತ ಶುರುವಾಗೋ 22 ಅಕ್ಷರ-ಅಂಕಿಯ ಖಾತೆ ನಂಬರ್ ಅದು. ಆ ಸಹಿ ಅಂದ್ರ, ನನ್ನ ಖಾತೆಯಿಂದ ನೀವ ತಗೋರಿ ಅಂತ ಒಪ್ಪಿಗಿ. ಅಲ್ಲಿ ಇದಕ್ಕ ಲಾಸ್ಟ್‌ಶ್ರಿಫ್ಟ್ ಅಂತಾರ. ಫೋನ್, ಕರೆಂಟು, ಇನ್ಶೂರೆನ್ಸ್ ಎಲ್ಲಾ ಹಿಂಗ ಹೋಗತಾವು. ತಪ್ಪು ಕಟ್ ಆದ್ರ ಎಂಟು ವಾರದೊಳಗ ಕಾರಣ ಹೇಳದ ವಾಪಸ್ ತಗೋಬಹುದು. ಒಪ್ಪಿಗಿನ ಕೊಟ್ಟಿಲ್ಲ ಅಂದ್ರ 13 ತಿಂಗಳ ತನಕ.

ಆದ್ರ ಹುಡುಗರು ಇಲ್ಲೇ ಸಿಕ್ಕಿ ಬೀಳ್ತಾರ: ರೊಕ್ಕ ವಾಪಸ್ ತಗೊಂಡ್ರ ಜಿಮ್ಮಿನ ಕರಾರು ಮುರೀತು ಅಂತ ತಿಳೀತಾರ. ಮುರಿಯಂಗಿಲ್ಲ. ನೋಟೀಸು ಬರತೈತಿ, ದಂಡ ಬೆಳೀತೈತಿ, ಕಟ್ಟದ ಕುಂತ್ರ ಶೂಫಾದಾಗ ಹೆಸರು ಕೆಡತೈತಿ. ಸಾಲ-ಬಾಕಿ ಸರಿಯಾಗಿ ಕಟ್ಟತಾನೋ ಇಲ್ಲೋ ಅನ್ನೋ ದಾಖಲೆ, ನಮ್ಮ ಸಿಬಿಲ್ ತರದ್ದು ಅದು, ಮನಿ ಬಾಡಿಗಿ ಕೊಡೋವರೂ ಅದನ್ನ ಕೇಳ್ತಾರ. ಬ್ಯಾಡಾದ್ರ ಕರಾರಿನ ಅವಧಿ ನೋಡಿ ಬರವಣಿಗಿಯಾಗ ರದ್ದು ಮಾಡಿಸ್ಲಿ.

ಪ್ರಶ್ನೆ (ಸಪ್ತಾಪುರದವರು ಮತ್ತ): ಒಬ್ಬ ಮನಿ ಮಾಲಕ ಮೂರು ತಿಂಗಳ ಬಾಡಿಗಿ ಡಿಪಾಸಿಟ್ ಈಗ ಕಳಸ್ರಿ, ಕೀಲಿ ಪೋಸ್ಟಿನಾಗ ಬರತೈತಿ ಅನ್ನಾಕತ್ತಾನ್ರಿ.

ಉತ್ತರ: ಕಳಸಬ್ಯಾಡ್ರಿ, ಇದು ಮೋಸ ಇರಬಹುದು! ಯೂರೋ ದೇಶಗಳ ಬ್ಯಾಂಕುಗಳು 2025ರ ಅಕ್ಟೋಬರ್‌ನಿಂದ ಹೆಸರು, ಐಬಾನ್ ಹೊಂದತಾವೋ ಇಲ್ಲೋ ತಾಳೆ ನೋಡಿ ಹೇಳತಾವು. ಆದ್ರ ಕಳ್ಳ ತನ್ನ ಖರೇ ಹೆಸರ ಕೊಟ್ಟಿದ್ರ ಅದೂ ಹೊಂದತೈತಿ! ಜರ್ಮನಿ ಕಾಯ್ದೆಯೊಳಗ ಡಿಪಾಸಿಟ್ ಅಂದ್ರ ಹೆಚ್ಚಂದ್ರ ಮೂರು ತಿಂಗಳ ಮೂಲ ಬಾಡಿಗಿ, ಅದನ್ನೂ ಮೂರು ಕಂತಿನಾಗ ಕಟ್ಟಬಹುದು, ಮೊದಲ ಕಂತು ಬಾಡಿಗಿ ಶುರುವಾದಾಗ. ಆ ಮಾಲಕಗ ಇದನ್ನ ಬರೆದು ಕಳಸ್ರಿ, ಏನಂತಾನ ಇಲ್ಲೇ ಹಾಕ್ರಿ.