ಮಕಲ್-ವೆಲ್ಸ್ ಇರುವ ನಮ್ಮ ಯಜಮಾನರಿಗೆ ಈಗ ಕಣ್ಣಿನ ನರ ಊದಿದೆ ಅಂತಿದ್ದಾರೆ, ತಿಳಿದವರು ದಯವಿಟ್ಟು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ನಮ್ಮ ಯಜಮಾನರಿಗೆ 36 ವರ್ಷ. ಚಿಕ್ಕಂದಿನಿಂದಲೂ ಚಳಿ ಬಿತ್ತು ಅಂದರೆ ಮೈಮೇಲೆ ಕೆಂಪು ದದ್ದು, ಸಣ್ಣ ಜ್ವರ, ಕೀಲು ನೋವು, ಜೊತೆಗೆ ಎರಡೂ ಕಣ್ಣು ಕೆಂಪು. ಇಷ್ಟು ವರ್ಷ ದದ್ದಿಗೆ ಅಲರ್ಜಿ ಮಾತ್ರೆ, ಕಣ್ಣಿಗೆ ಮದ್ರಾಸ್ ಐ ಅಂತ ಡ್ರಾಪ್ಸ್. ಮದ್ರಾಸ್ ಐ ಆಗಿದ್ದರೆ ಮನೆಯಲ್ಲಿ ಇನ್ನೊಬ್ಬರಿಗಾದರೂ ಅಂಟಬೇಕಿತ್ತು ಅಲ್ವಾ, ಯಾರಿಗೂ ಬಂದಿಲ್ಲ. ಹೋದ ವರ್ಷ ಕಿವಿ ಮಂದ ಆಗುತ್ತಿದೆ ಅಂತ ತೋರಿಸಿದಾಗ ನಮ್ಮನ್ನು ರುಮಟಾಲಜಿಗೆ (ಕೀಲು ಮತ್ತು ಉರಿಯೂತದ ಕಾಯಿಲೆ ನೋಡುವ ವಿಭಾಗ) ಕಳಿಸಿದರು. ಅಲ್ಲಿನ ಡಾಕ್ಟರು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ ಜೀನ್ ಟೆಸ್ಟ್ ಬರೆದರು. ಎನ್‌ಎಲ್‌ಆರ್‌ಪಿ3 ಜೀನ್‌ನಲ್ಲಿ ಬದಲಾವಣೆ ಇದೆ, ಇದು ಮಕಲ್-ವೆಲ್ಸ್ ಸಿಂಡ್ರೋಮ್, ಮನೆತನದಲ್ಲಿ ಬರುವ ಉರಿಯೂತದ ಕಾಯಿಲೆ ಎಂದರು. ಮಾವನವರಿಗೂ ದದ್ದು ಬರುತ್ತಿತ್ತಂತೆ, ನಲವತ್ತು ದಾಟುವ ಮೊದಲೇ ಕಿವಿ ಹೋಗಿತ್ತು.

ಈಗಿನ ವಿಷಯ ಏನೆಂದರೆ, ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿ ಒಳಗೆ ನೋಡಿ, ಎರಡೂ ಕಣ್ಣಿನ ನರ ಸ್ವಲ್ಪ ಊದಿದೆ, ಎಂಆರ್‌ಐ ಮಾಡಿಸಿ ಎಂದಿದ್ದಾರೆ. ಇವರು ಕೇಳುತ್ತಿಲ್ಲ. ಬೋರ್ಡಿನ ಕೊನೇ ಸಾಲು ತನಕ ಓದುತ್ತೇನೆ, ಕಣ್ಣಲ್ಲಿ ನೋವಿಲ್ಲ, ಸುಮ್ನೆ ಯಾಕೆ ಖರ್ಚು ಅಂತಾರೆ. ಬೆಳಿಗ್ಗೆ ಏಳುವಾಗ ತಲೆನೋವು ಇರುತ್ತೆ, ಅದನ್ನು ಪಿತ್ತ ಅಂದುಕೊಂಡಿದ್ದಾರೆ. ಇದೂ ಅದೇ ಕಾಯಿಲೆಯದ್ದಾ? ಕಾಯಬಹುದಾ? ನಮಗೆ ಐದು ವರ್ಷದ ಮಗಳೂ ಇದ್ದಾಳೆ, ಅವಳ ಚಿಂತೆ ಬೇರೆ.

ಕಣ್ಣಿನ ಡಾಕ್ಟರ್, ಧಾರವಾಡ

ಮೇಡಂ, ಕಾಯಬೇಡಿ. ಈ ವಾರವೇ ಎಂಆರ್‌ಐ ಮಾಡಿಸಿ.

ಈ ಕಾಯಿಲೆಯಲ್ಲಿ ಕಣ್ಣಿಗೆ ಎರಡು ದಾರಿಯಲ್ಲಿ ತೊಂದರೆ ಬರುತ್ತದೆ. ಒಂದು ಹೊರಗೆ ಕಾಣುವುದು. ಕೆಂಪಾಗುವುದು, ನೀರು ಸುರಿಯುವುದು, ಕೆಲವರಿಗೆ ಕಪ್ಪುಗುಡ್ಡೆಯ ಮೇಲಿನ ಕಾರ್ನಿಯಾದಲ್ಲಿ ಉರಿಯೂತ, ಕೆಲವರಿಗೆ ಯುವಿಯೈಟಿಸ್, ಅಂದರೆ ಕಣ್ಣಿನ ಒಳಗಡೆ ಉರಿಯೂತ. ಇದು ಕಾಟ ಕೊಡುತ್ತದೆ, ಆದರೆ ರೋಗಿಗೆ ಗೊತ್ತಾಗುತ್ತದೆ, ಅವರೇ ಬಂದು ತೋರಿಸುತ್ತಾರೆ. ಇನ್ನೊಂದು ಸದ್ದಿಲ್ಲದ್ದು. ಮೆದುಳಿನ ಪೊರೆಯಲ್ಲಿ ಸೋಂಕಿಲ್ಲದೆಯೇ ಉರಿಯೂತ ಇರುತ್ತದೆ, ತಲೆಯೊಳಗಿನ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಕಣ್ಣಿನ ನರ ಊದಿಕೊಳ್ಳುತ್ತದೆ. ನೋವಿಲ್ಲ, ಕೆಂಪಿಲ್ಲ. ಬೆಳಗಿನ ತಲೆನೋವು ಇದರ ಜೊತೆಗೇ ಹೋಗುವಂಥದ್ದು, ದಯವಿಟ್ಟು ಪಿತ್ತ ಎಂದು ಬಿಡಬೇಡಿ. ಬಗ್ಗಿ ಎದ್ದಾಗ ಒಂದೆರಡು ಸೆಕೆಂಡ್ ಕಣ್ಣು ಮಬ್ಬಾಗುತ್ತದಾ, ಅದನ್ನೂ ಕೇಳಿ ನೋಡಿ.

ಬೋರ್ಡಿನ ಕೊನೇ ಸಾಲು ಓದುತ್ತೇನೆ ಎನ್ನುವುದು ಧೈರ್ಯ ಕೊಡುವ ವಿಷಯವೇ ಅಲ್ಲ. ನರ ಊದಿದಾಗ ಮೊದಲು ಹೋಗುವುದು ಅಂಚಿನ ನೋಟ. ನೇರ ನೋಟ ಕಡೆತನಕ ಚೆನ್ನಾಗಿಯೇ ಇರುತ್ತದೆ, ಅದು ಇಳಿಯುವ ಹೊತ್ತಿಗೆ ನರ ಒಣಗಿರುತ್ತದೆ, ಒಣಗಿದ ನರವನ್ನು ವಾಪಸ್ ತರುವ ಔಷಧಿ ಇಲ್ಲ. ಅದಕ್ಕೇ ಅಂಚಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮತ್ತು ಕಣ್ಣಿನ ನರದ ಪದರ ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿ ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕು. ಎಂಆರ್‌ಐ ಆದ ಮೇಲೆ ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆಯಬೇಕು ಎನ್ನಬಹುದು. ಹೆದರಬೇಡಿ, ಕಾರಣ ಖಚಿತವಾಗಿ ಗೊತ್ತಾಗುವುದು ಅಲ್ಲೇ.

ಚಳಿಗೆ ಆಗದವಳು

ಅಕ್ಕಾ, ನಂಗೂ ಇದೇ ಕಾಯಿಲೆ, ನಮ್ಮಮ್ಮನಿಂದ ಬಂದಿದ್ದು. ಡಾಕ್ಟರು ಹೇಳಿದ್ದನ್ನು ಯಜಮಾನರಿಗೆ ಓದಿ ತೋರಿಸಿ.

ನಾನು ಹೇಳಬೇಕಾಗಿದ್ದು ಔಷಧಿಯ ಬಗ್ಗೆ. ಈ ಜೀನ್ ಕೆಟ್ಟರೆ ದೇಹದಲ್ಲಿ ಐಎಲ್-1 ಅನ್ನೋ ಉರಿಯೂತ ತರುವ ವಸ್ತು ಜಾಸ್ತಿ ತಯಾರಾಗುತ್ತೆ, ಜ್ವರ, ದದ್ದು, ಕಿವಿ, ಕಣ್ಣು ಎಲ್ಲಾ ಅದರಿಂದಲೇ. ಹಾಗಾಗಿ ಕಣ್ಣಿಗೆ ಬರೀ ಡ್ರಾಪ್ಸ್ ಹಾಕಿಕೊಂಡು ಕೂತರೆ ಆಗಲ್ಲ, ಅದರಲ್ಲೂ ಸ್ಟಿರಾಯ್ಡ್ ಡ್ರಾಪ್ಸನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ವರ್ಷಗಟ್ಟಲೆ ಹಾಕಿದರೆ ಕಣ್ಣಿನ ಪ್ರೆಶರ್ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬೇಗ ಬರುತ್ತೆ. ಐಎಲ್-1 ತಡೆಯುವ ಇಂಜೆಕ್ಷನ್ ಇವೆ. ಅನಾಕಿನ್ರಾ ದಿನಾ ಚುಚ್ಚಿಕೊಳ್ಳಬೇಕು, ಕನಕಿನುಮಾಬ್ ಸಾಮಾನ್ಯವಾಗಿ 8 ವಾರಕ್ಕೊಮ್ಮೆ. ದುಬಾರಿ, ಎಲ್ಲಾ ಕಡೆ ಸಿಗಲ್ಲ, ನಮ್ಮನೆಯಲ್ಲಿ ಇದಕ್ಕಾಗಿ ಓಡಾಡಿದ್ದು ಹೇಳತೀರದು. ಆದರೂ ಶುರು ಮಾಡಿದ ಎರಡನೇ ದಿನ ನನ್ನ ಮೈ ಮೇಲೆ ಒಂದು ದದ್ದೂ ಇರಲಿಲ್ಲ, ಆವತ್ತು ನಮ್ಮಮ್ಮ ಅತ್ತುಬಿಟ್ಟರು. ಶುರು ಮಾಡುವ ಮೊದಲು ಟಿಬಿ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ, ಅದನ್ನು ತಪ್ಪಿಸಬೇಡಿ.

ಒಂದು ಎಚ್ಚರಿಕೆ. ದದ್ದು, ಜ್ವರ ಹೋಯಿತು ಅಂದ ತಕ್ಷಣ ಕಣ್ಣೂ ಸರಿಹೋಯಿತು ಅಂದುಕೊಳ್ಳಬೇಡಿ. ನನಗೆ ನರದ ಊತ ಇಳಿಯಲು ತಿಂಗಳುಗಳೇ ಬೇಕಾದವು, ಮಧ್ಯೆ ಡೋಸ್ ಹೆಚ್ಚಿಸಬೇಕಾಯಿತು.

ಮೈಸೂರು ಪಾಕ್ ಪ್ರಿಯ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ತಮ್ಮನಿಗೆ ನಲವತ್ತರ ಮೇಲೆ ಇದೇ ಥರ ದದ್ದು, ಕೆಂಪು ಕಣ್ಣು, ಜ್ವರ ಶುರುವಾಯಿತು. ಮನೆತನದಲ್ಲಿ ಯಾರಿಗೂ ಇಲ್ಲ, ಜೀನ್ ಟೆಸ್ಟೂ ನೆಗೆಟಿವ್. ಹಾಗಾದರೆ ಇದು ಅಲ್ಲ ಅಂತಾನಾ?

ಕಣ್ಣಿನ ಡಾಕ್ಟರ್, ಧಾರವಾಡ

ಹಾಗೆ ಹೇಳಲಾಗುವುದಿಲ್ಲ. ಕೆಲವರಲ್ಲಿ ಬದಲಾವಣೆ ಹುಟ್ಟಿನಿಂದ ಬಂದಿರುವುದಿಲ್ಲ, ನಂತರ ರಕ್ತದ ಕೆಲವು ಕಣಗಳಲ್ಲಿ ಮಾತ್ರ ಆಗಿರುತ್ತದೆ. ಮಾಮೂಲಿ ಟೆಸ್ಟಿನಲ್ಲಿ ಅದು ಸಿಗದೆ ಹೋಗಬಹುದು. ಡೀಪ್ ಸೀಕ್ವೆನ್ಸಿಂಗ್ (ಕೆಲವೇ ಕಣಗಳಲ್ಲಿರುವ ಬದಲಾವಣೆಯನ್ನೂ ಹಿಡಿಯುವ ಜೀನ್ ಟೆಸ್ಟ್) ಮಾಡಿಸಬೇಕಾ ಎಂದು ರುಮಟಾಲಜಿಯವರನ್ನು ಕೇಳಿ. ದದ್ದು ಮತ್ತು ಜ್ವರ ಇರುವಾಗಲೇ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ. ಬೇರೆ ಕಾಯಿಲೆಗಳಲ್ಲೂ ಹೀಗಾಗಬಹುದು, ಅವನ್ನೂ ಅವರು ನೋಡುತ್ತಾರೆ.

ತುಂಗಾತೀರ

ತುಂಬಾ ಥ್ಯಾಂಕ್ಸ್. ಪೂರ್ತಿ ಓದಿಸಿದೆ. ಬಗ್ಗಿ ಎದ್ದಾಗ ಮಬ್ಬಾಗುತ್ತದೆ ಅಂತ ಈಗ ಬಾಯಿಬಿಟ್ಟರು, ಇಷ್ಟು ದಿನ ನನಗೂ ಹೇಳಿರಲಿಲ್ಲ. ಎಂಆರ್‌ಐ ಗುರುವಾರಕ್ಕೆ ಗೊತ್ತಾಗಿದೆ. ಮಗಳಿಗೆ ಏನು ಮಾಡಲಿ?

ಚಳಿಗೆ ಆಗದವಳು

ತಂದೆಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಹುಡುಗಿ ಹುಡುಗ ಅಂತ ಭೇದ ಇಲ್ಲ. ನಿಮ್ಮ ಯಜಮಾನರ ರಿಪೋರ್ಟಿನಲ್ಲಿ ಯಾವ ಬದಲಾವಣೆ ಅಂತ ಬರೆದಿರುತ್ತೆ, ಮಗಳಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಮ್ಮಿ. ದದ್ದು ಬಂದಾಗ ಫೋನಲ್ಲಿ ಫೋಟೋ ತೆಗೆದಿಡಿ. ಇವರದ್ದು ಎಂಆರ್‌ಐ ಆದ ಮೇಲೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸಿ ಅಕ್ಕಾ, ವರ್ಷಗಟ್ಟಲೆ ಉರಿಯೂತ ಇದ್ದವರಿಗೆ ಕಿಡ್ನಿಗೂ ತೊಂದರೆ ಬರಬಹುದು. ಗುರುವಾರ ಏನಂದರು ಅಂತ ಇಲ್ಲೇ ಬರೆಯಿರಿ.